ಪಾಲಿನ ಊರಿನಿಂದ ಸರ್ಟಿಫಿಕೇಟಿನ ಊರಿಗೆ

ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಪೊರಕೆ.

ಮಸ್ಕತ್‌ನಿಂದ ಎರಡು ಗಂಟೆ ದಾರಿ ದೂರದ ಬೋಟ್ ರಿಪೇರಿ ಯಾರ್ಡು ಅದು. ಗಂಗೊಳ್ಳಿ ಬಂದರಿನಲ್ಲಿ ಇಪ್ಪತ್ತೆರಡು ವರ್ಷ ಇಂಜಿನ್ ಬಿಚ್ಚಿ ಕಟ್ಟಿದವನು ನಾನು. ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟರೆ ಯಾವ ಸಿಲಿಂಡರ್ ಸೋತಿದೆ ಎಂದು ಹೇಳುತ್ತಿದ್ದೆ. ಇಲ್ಲಿನ ಮೇಲ್ವಿಚಾರಕ ಸಯೀದ್ ನನ್ನ ಮುಖ ನೋಡಿ ‘ಶಹಾದಾ?’ ಎಂದ. ಸರ್ಟಿಫಿಕೇಟ್ ಎಂದರ್ಥ. ಇಲ್ಲವೆಂದು ತಲೆಯಾಡಿಸಿದೆ. ಅವನು ಬೈಯಲಿಲ್ಲ, ನಗಲೂ ಇಲ್ಲ. ಮೂಲೆಯಲ್ಲಿದ್ದ ಪೊರಕೆ ತೋರಿಸಿದ.

ಇಲ್ಲಿಯೂ ಸಮುದ್ರವಿದೆ, ಆದರೆ ನಮ್ಮೂರ ಕಡೆಯ ತ್ರಾಸಿ ಕಡಲಿನ ಹಾಗೆ ಅಬ್ಬರಿಸುವುದಿಲ್ಲ, ತಟ್ಟೆಯಲ್ಲಿಟ್ಟ ನೀರಿನಂತಿರುತ್ತದೆ. ಹಿಂದೆ ಹುಲ್ಲುಕಡ್ಡಿಯಿಲ್ಲದ ಗುಡ್ಡ. ಒಂದು ಕೋಣೆಯಲ್ಲಿ ಆರು ಜನ, ಮೇಲೊಂದು ಕೆಳಗೊಂದು ಮಂಚ. ನಮ್ಮ ಅಂಜಲ್ ಇಲ್ಲಿ ಕನದ್. ಹೆಸರು ಬೇರೆಯಾದರೂ ಮೀನು ಅದೇ ಎಂದು ಮಾರ್ಕೆಟ್ಟಿನಲ್ಲಿ ಗುರುತು ಹಿಡಿದ ದಿನ ನಾನೇ ಸಾರು ಮಾಡಿ ಐವರಿಗೂ ಬಡಿಸಿದೆ. ಕುಚ್ಚಲಕ್ಕಿ ಮಾತ್ರ ಸಿಗಲಿಲ್ಲ.

ಯಾರ್ಡಿನಲ್ಲಿ ನನ್ನ ಮೇಲಿನ ಟೆಕ್ನಿಷಿಯನ್ ಬ್ರಹ್ಮಾವರದ ಹುಡುಗ, ಸುಧೀರ. ಮೂರು ವರ್ಷದ ಡಿಪ್ಲೊಮಾ ಮಾಡಿದವನು. ಸಂಬಳ ನನ್ನ ಎರಡರಷ್ಟು. ಮೊದಮೊದಲು ಅವನನ್ನು ಕಂಡರೆ ಹೊಟ್ಟೆಯುರಿ. ಒಂದು ದಿನ ಕಪ್ಪು ಹೊಗೆ ಬಿಡುವ ಇಂಜಿನ್ನಿನ ಮುಂದೆ ಬೆಳಗ್ಗಿನಿಂದ ಕೂತಿದ್ದ. ಗುಡಿಸುತ್ತ ಹತ್ತಿರ ಹೋದವನು ಸುಮ್ಮನಿರಲಾರದೆ, ‘ಮೂರನೇ ಇಂಜೆಕ್ಟರ್ ಕಾಣ್’ ಎಂದೆ. ಬಿಚ್ಚಿ ನೋಡಿದ. ಅದೇ ಕಟ್ಟಿಕೊಂಡಿತ್ತು.

‘ಅಣ್ಣ, ನೀವ್ ಎಂತಕ್ಕೆ ಪೊರ್ಕೆ ಹಿಡ್ಕಂಡದ್ದ್?’ ಎಂದ. ‘ಇಲ್ಲಿ ಟ್ರೇಡ್ ಟೆಸ್ಟ್ ಇತ್ತ್. ಪಾಸಾರೆ ಸರ್ಟಿಫಿಕೇಟ್ ಸಿಕ್ಕತ್ತ್, ನೀವೂ ಮೇಲಿನ ಕೆಲ್ಸಕ್ಕೆ ಹೋಪ್ದೇ.’

‘ನನ್ನ ಪರೀಕ್ಷೆ ಮಾಡೂಕೆ ಇವ್ರ್ ಯಾರ್?’ ಎಂದೆ. ಹಾಗೆ ಎರಡು ವರ್ಷ ಕಳೆದೆ.

ಸುಧೀರನ ಅಣ್ಣ ಬಿಎ ಮುಗಿಸಿ ನಾಲ್ಕು ವರ್ಷವಾದರೂ ಮನೆಯಲ್ಲಿದ್ದಾನಂತೆ. ಓದಿದವರಿಗೆಲ್ಲ ಕೆಲಸ ಕಾದು ಕೂತಿಲ್ಲ, ಯಾವುದನ್ನು ಓದಿದೆ ಎಂಬುದೂ ಮುಖ್ಯ ಎಂದು ನನಗೆ ತಿಳಿದದ್ದು ಅವನಿಂದ.

ಊರಲ್ಲಿ ನಾನು ಹೇಳಿಕೊಂಡಿದ್ದು ಬೇರೆ. ಫೋನಿನಲ್ಲಿ, ರಜೆಗೆ ಹೋದಾಗ, ಎಲ್ಲರ ಎದುರೂ ಫಾರಿನ್ ಮೆಕ್ಯಾನಿಕ್ ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ, ಯಾರೂ ಬಿಡಿಸಿದ್ದಲ್ಲ, ಏನು ಕಡಿಮೆಯಾಯಿತು ಎನ್ನುತ್ತಿದ್ದೆ. ಆ ಮಾತನ್ನು ಮಗಳು ಅಶ್ವಿನಿ ಕೇಳಿಸಿಕೊಂಡೇ ಬೆಳೆದಳು. ಬಾವಿಯ ಪಂಪ್ ಕೆಟ್ಟರೆ ಬಿಚ್ಚಿ ಸರಿಮಾಡುವವಳು ಅವಳೇ. ಸುಧೀರನ ಹಾಗೆ ಡಿಪ್ಲೊಮಾ ಮಾಡು ಎಂದು ಅವಳಿಗೆ ಹೇಳಿದ್ದೆ. ಪಿಯುಸಿ ಪಾಸಾದ ವಾರ ಫೋನ್ ಮಾಡಿದಳು.

‘ಅಪ್ಪಯ್ಯ, ಡಿಪ್ಲೊಮಾ ಗಿಪ್ಲೊಮಾ ಬ್ಯಾಡ. ಕುಂದಾಪ್ರದ ಬಟ್ಟೆ ಅಂಗ್ಡಿಯಂಗೆ ಕೆಲ್ಸ ಇತ್ತಂಬ್ರ್.’

‘ಕಲೀದೆ ಅಂಗ್ಡಿಗ್ ಹೋಪ್ದಾ?’

‘ನೀವ್ ಕಲ್ತಿದ್ರ್ಯಾ? ಮೆಕ್ಯಾನಿಕ್ ಆಯ್ಲ್ಯಾ?’

ಉತ್ತರ ಹುಡುಕಿದೆ. ಸಿಕ್ಕಿದ್ದು ನಿಜ ಒಂದೇ.

‘ನಾನ್ ಇಲ್ಲಿ ಮೆಕ್ಯಾನಿಕ್ ಅಲ್ಲ ಮಗಾ. ಹೆಲ್ಪರ್. ಕೆಲ್ಸದ ಕಾರ್ಡಂಗೆ ಹಾಂಗೇ ಬರ್ದದ್ದ್.’

‘ಹಾಂಗೆ ಬರ್ದದ್ದ್ ಯಾರ್?’ ಎಂದಳು.

‘ನಾನೇ.’

ಏಜೆಂಟನ ಆಫೀಸಿನಲ್ಲಿ ಕೊಟ್ಟ ಫಾರಂನಲ್ಲಿ ಹಿಂದೆ ಎಲ್ಲಿ ಕೆಲಸ ಮಾಡಿದ್ದಿ ಎಂದು ಕೇಳಿದ್ದರು. ನಮ್ಮ ಬಂದರಿನಲ್ಲಿ ಸಂಬಳವಿಲ್ಲ, ಪಾಲು. ಹಿಡಿದ ಮೀನಿನಲ್ಲಿ ಬೋಟಿಗೊಂದು ಭಾಗ, ಕಡಲಿಗೆ ಹೋದವರಿಗೆ ಒಂದೊಂದು ಪಾಲು, ಇಂಜಿನ್ ನೋಡುವವನಿಗೆ ಒಂದೂವರೆ. ಯಾರೂ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿರಲಿಲ್ಲ, ನಾನು ಪಾಲುದಾರ. ಹೆಮ್ಮೆಯಿಂದಲೇ ‘ಎಲ್ಲಿಯೂ ಇಲ್ಲ’ ಎಂದು ಬರೆದೆ. ಅನುಭವವಿಲ್ಲದವನೆಂದು ಕಾರ್ಡಿನಲ್ಲಿ ‘ಹೆಲ್ಪರ್’ ಎಂದು ಹಾಕಿದರು. ಇಪ್ಪತ್ತೆರಡು ವರ್ಷವನ್ನು ನನ್ನ ಕೈಯಾರೆ ಅಳಿಸಿದ ಹಾಗಾಯಿತು.

ಸುಧೀರ ಹೇಳಿದ ಟೆಸ್ಟಿನ ಮಾತೂ ಸೇರಿ ಎಲ್ಲ ಕೇಳಿ ಅವಳು ಹೇಳಿದ್ದು ಇಷ್ಟೇ: ‘ಕಲ್ತದ್ದಕ್ಕೆ ಕಾಗ್ದ ಬೇಕ್ ಅಂಬುದಾರೆ ನೀವೂ ಮಾಡ್ಸ್ಕಣಿ. ನೀವ್ ಪರೀಕ್ಷೆ ಕೊಟ್ರೆ ನಾನ್ ಡಿಪ್ಲೊಮಾ ಸೇರ್ತೆ. ಇಲ್ದಿರೆ ಬಟ್ಟೆ ಅಂಗ್ಡಿಯೇ ಸೈ.’

ಟೆಸ್ಟಿಗೆ ಕೂರಬೇಕಾದರೆ ಹಿಂದೆ ದುಡಿದ ಕಡೆಯಿಂದ ಒಂದು ಪತ್ರ ಬೇಕು ಎಂದ ಸಯೀದ್. ರಜೆ ಹಾಕಿ ಊರಿಗೆ ಬಂದೆ. ಬಂದರಿಗೆ ಹೋದರೆ, ನಾನು ಹೆಚ್ಚು ವರ್ಷ ದುಡಿದ ಬೋಟಿನ ಮಾಲಕರು ರಾಮಣ್ಣ ದೂರದಿಂದಲೇ ಕರೆದರು, ‘ಹ್ವಾಯ್ ಫಾರಿನ್ನಿನವ್ರೇ, ಇಂಜಿನ್ ಒಂಚೂರ್ ಕಂಡ್ ಹೋಯ್ನಿ.’

ಕಂಡು, ಸರಿಮಾಡಿ, ಕೈ ಒರೆಸಿಕೊಂಡು ಪತ್ರದ ಮಾತೆತ್ತಿದೆ.

‘ಎಂತ ಕಾಗ್ದ ಮಾರಾಯ? ನಿನ್ನ ಗುರ್ತ ಇಲ್ದಿದ್ದವ್ರ್ ಈ ಬಂದರಂಗೆ ಯಾರಿದ್ರ್?’

‘ಈ ಬಂದರಿಗಲ್ಲ ರಾಮಣ್ಣ. ಆಚೆ ಬಂದರಿಗೆ.’

‘ಅಂದ್ರೆ ನೀ ಅಲ್ಲಿಯವನೇ ಆದೆ ಅನ್.’

ಮಗಳೇ ಬರೆದುಕೊಟ್ಟಿದ್ದ ಪತ್ರ ಕಿಸೆಯಲ್ಲಿತ್ತು. ಕಾಲೇಜಿಗೆ ಅವಳು ಅರ್ಜಿ ಹಾಕಲು ಮರುದಿನವೇ ಕೊನೆ, ಸಹಿ ಕಂಡ ಮೇಲೆಯೇ ಹಾಕುವುದು ಎಂದಿದ್ದಳು. ಸಹಿ ಇಲ್ಲದೆ ನಾನು ಮನೆಗೆ ಹೋಗುವಂತಿರಲಿಲ್ಲ. ಪತ್ರ ಬಿಡಿಸಿ ಅವರ ಮುಂದಿಟ್ಟೆ. ರಾಮಣ್ಣ ನಿಧಾನಕ್ಕೆ ಓದಿದರು, ಇನ್ನೊಮ್ಮೆ ಓದಿದರು, ಸಹಿ ಹಾಕಿದರು.

‘ಇನ್ ಇಂಜಿನ್ ಹಾಳಾರೆ ಯಾರನ್ನ ಕರಿಕ್?’

‘ನನ್ನೇ ಕರೀನಿ’ ಎಂದುಬಿಟ್ಟೆ. ಮಸ್ಕತ್‌ಗೆ ವಾಪಸು ಹೋಗುವ ವಿಮಾನಕ್ಕೆ ಇನ್ನು ಆರೇ ದಿನವಿತ್ತು.