ಭಾವನ ಬೆನ್ನು, ಆರಡಿ ನೀರು

ಯಂತ್ರ ಮೊದಲ ಸಲ ಕೂಗಿದಾಗಲೇ ಭಾವ ಅದನ್ನು ಹೊಳೆಗೆ ಎಸೆಯಲು ಹೊರಟಿದ್ದರು.

ಹೊನ್ನಾವರದ ಧಕ್ಕೆಯಲ್ಲಿ ಕಟ್ಟಿದ್ದ ಅವರ ಬೋಟಿನಲ್ಲಿ, ಚುಕ್ಕಾಣಿಯ ಹಿಂದಿನ ಹಲಗೆಗೆ ಅದನ್ನು ಕೂಡ್ರಿಸಿ ಗುಂಡಿ ಒತ್ತಿದ್ದೇ ತಡ, ಕೀ ಕೀ ಕೀ ಎಂದು ಬೊಬ್ಬೆ ಹಾಕತೊಡಗಿತು. ಪಕ್ಕದ ಬೋಟಿನವರು ಬಲೆ ಬಿಟ್ಟು ಎದ್ದುನಿಂತರು. ಬೋಟಿನ ಹಿಂಭಾಗದಲ್ಲಿ ನೀರೊಳಗೆ ಇಳಿಬಿಟ್ಟ ಒಂದು ಬಿಲ್ಲೆ ತಳಕ್ಕೆ ಶಬ್ದ ಕಳಿಸುತ್ತದೆ. ಅದು ತಿರುಗಿ ಬರುವ ಹೊತ್ತನ್ನು ಲೆಕ್ಕ ಹಾಕಿ ಯಂತ್ರ ಆಳವನ್ನು ಅಡಿಗಳಲ್ಲಿ ತೋರಿಸುತ್ತದೆ. ನಾವು ಹೇಳಿದ ಅಳತೆಗಿಂತ ನೀರು ಕಡಿಮೆಯಾದರೆ ಕೂಗುತ್ತದೆ. ನಾನು ಇಟ್ಟಿದ್ದ ಅಳತೆ ಹದಿನೈದು ಅಡಿ. ಧಕ್ಕೆಯ ಬುಡದಲ್ಲಿ ಇದ್ದ ನೀರೇ ಹತ್ತಡಿ.

"ಹದಿನೈದಾ?" ಎಂದರು ಭಾವ. "ಎಂತ ಮಾರಾಯ, ಬೋಟೋ ಹಡಗೋ ಇದು? ಹದಿನೈದಡಿ ನೀರು ಬೇಕಂದ್ರೆ ಧಕ್ಕೆನೇ ಸಮುದ್ರದ ನಡುವೆ ಕಟ್ಟಬೇಕು."

"ಸ್ವಲ್ಪ ಹೆಚ್ಚಿಗೆ ಇರ್ಲಿ ಅಂತ, ಭಾವ."

"ಮನೆಲಿ ಕೂಗೂಕೆ ನಿನ್ನಕ್ಕ ಇದ್ದಾಳೆ. ಇಲ್ಲಿ ನೀನು. ಇನ್ನು ಇದು ಬೇರೆ."

ಭಾವ ಎಂದರೆ ನನ್ನ ಅಕ್ಕನ ಗಂಡ. ಅರವತ್ತು ದಾಟಿದ ಅವರು ನಲವತ್ತು ವರ್ಷಗಳಿಂದ ಶರಾವತಿ ಸಮುದ್ರ ಸೇರುವ ಅಳಿವೆ ದಾಟಿ ಮೀನಿಗೆ ಹೋಗುವ ತಾಂಡೇಲ, ಅಂದರೆ ಬೋಟು ನಡೆಸುವವರು. ನಾನು ತದಡಿಯಲ್ಲಿ ಬೋಟಿನವರ ಮನೆಯಲ್ಲೇ ಹುಟ್ಟಿದ್ದರೂ ಸಮುದ್ರಕ್ಕೆ ಹೆದರಿ ಕುಮಟೆಯಲ್ಲಿ ಗಣಿತದ ಮಾಸ್ತರನಾದವನು. ಗ್ಯಾಸಿನ ಸಿಲಿಂಡರ್ ಬಂದ್ ಆಗಿದೆಯೇ ಎಂದು ನೋಡಲು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಬಂದದ್ದಿದೆ. ಶರಾವತಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕಿಟಕಿಯ ಗಾಜು ಸರಿಸಿಟ್ಟುಕೊಳ್ಳುತ್ತೇನೆ. ಬಸ್ಸು ನೀರಿಗೆ ಬಿದ್ದರೆ ಹೊರಬರಲು ದಾರಿ ಬೇಕಲ್ಲ.

ಇಂಥ ನಾನು ಯಂತ್ರ ಹೊತ್ತುಕೊಂಡು ಹೊನ್ನಾವರಕ್ಕೆ ಬಂದದ್ದಕ್ಕೆ ಕಾರಣವಿತ್ತು. ಅಳಿವೆಯ ಮರಳು ದಿಬ್ಬ ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಹೋದ ವರ್ಷ ಸಮುದ್ರದಿಂದ ವಾಪಸು ಬರುವಾಗ ಭಾವನ ಬೋಟು ದಿಬ್ಬಕ್ಕೆ ಕೂತಿತು. ಬೇರೆ ಎರಡು ಬೋಟಿನವರು ಹಗ್ಗ ಹಾಕಿ ಎಳೆಯುವಷ್ಟರಲ್ಲಿ ತೆರೆ ಹೊಡೆದು ಹೊಡೆದು ತಳದ ಹಲಗೆಗಳು ಬಾಯಿಬಿಟ್ಟಿದ್ದವು. ಜನರಿಗೆ ಏನೂ ಆಗಲಿಲ್ಲ. ಬೋಟು ಮಾತ್ರ ಇಡೀ ಹಂಗಾಮು ದಡದಲ್ಲೇ ಉಳಿಯಿತು. ಈ ವರ್ಷ ಅದು ಹೊಸ ಹಲಗೆ, ಹೊಸ ಬಣ್ಣ ಕಂಡು ನೀರಿಗಿಳಿದಿದೆ. ಎಲ್ಲರ ಬೋಟುಗಳೂ ಹೊರಗೆ ಹೋದವು, ಭಾವನದು ಹೋಗಲಿಲ್ಲ. ಒಂದು ದಿನ ಇಂಜಿನ್ನಿನ ಶಬ್ದ ಸರಿಯಿಲ್ಲ, ಮತ್ತೊಂದು ದಿನ ಗಾಳಿ ಸರಿಯಿಲ್ಲ, ಇನ್ನೊಂದು ದಿನ ಸೊಂಟ ಸರಿಯಿಲ್ಲ.

ಅಕ್ಕ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದ್ದಳು: "ಅವರಿಗೆ ಹೆದ್ರಿಕೆ ಹೊಕ್ಕದೆ ತಮಾ. ಇನ್ನೊಂದ್ಸಲ ದಿಬ್ಬ ತಾಗಿದ್ರೆ ಬೋಟು ಮಾರಿ ಮನೇಲಿ ಕೂತ್ಕಂತೆ ಅಂತಾರೆ. ಇವರು ಮನೇಲಿ ಕೂತ್ರೆ ಬದುಕೂದಿಲ್ಲ, ನಂಗೆ ಗೊತ್ತದೆ."

ಹೆದರಿಕೆಯ ವಿಷಯದಲ್ಲಿ ಸಲಹೆ ಕೊಡಲು ನನಗಿಂತ ಅನುಭವಸ್ಥರು ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಯಂತ್ರ ತರಿಸಿದೆ. ಅದರ ಜೊತೆಗೆ ಬಂದ ಪುಸ್ತಿಕೆಯನ್ನು ಮೂರು ಸಲ ಓದಿದೆ.

ಸರಿ, ಬೊಬ್ಬೆ ನಿಲ್ಲಿಸಿ ಬಿದಿರಿನ ಗಳ ಹಿಡಿದು ಅಳೆದೆವು. ಬೋಟಿನ ತಳ ನೀರಿನಲ್ಲಿ ನಾಲ್ಕಡಿ ಇಳಿದಿತ್ತು. ಯಂತ್ರದ ಬಿಲ್ಲೆ ಇದ್ದದ್ದು ನೀರಿನ ಮೇಲ್ಮೈಯಿಂದ ಒಂದಡಿ ಕೆಳಗೆ. ಅಂದರೆ ಪರದೆಯ ಮೇಲೆ ಮೂರು ಎಂದು ಬಂದರೆ ಬೋಟು ಮರಳು ಮುಟ್ಟಿತೆಂದೇ ಅರ್ಥ. ಆರಕ್ಕೆ ಕೂಗಲಿ ಎಂದು ಭಾವ, ಒಂಬತ್ತು ಇರಲಿ ಎಂದು ನಾನು. ಬೋಟು ಅವರದ್ದು, ಆರಕ್ಕೆ ಇಟ್ಟೆ. ಮರುದಿನ ಭಾನುವಾರ, ಸಮುದ್ರದ ನೀರು ಪೂರ್ತಿ ಏರುವ ಭರತ ಹನ್ನೆರಡಕ್ಕೆ. ನೀರು ಏರುತ್ತಿರುವಾಗಲೇ ಹತ್ತೂವರೆಗೆ ಹೊರಬಿದ್ದು, ಹೊರಗೊಂದು ಬಲೆ ಬಿಟ್ಟು, ತುಂಬಿದ ನೀರಿನಲ್ಲಿ ವಾಪಸು ಬರುವುದು ಎಂದಾಯಿತು. ಹೋಗುವವರು ಭಾವ ಮತ್ತು ಅವರ ಬೋಟಿನಲ್ಲಿ ದುಡಿಯುವ ಹಳೆಯ ಖಲಾಸಿ. ನಾನು ಧಕ್ಕೆಯ ಮೇಲೆ ನಿಂತು ಕೈ ಬೀಸುವುದು.

ಭಾನುವಾರ ಅಕ್ಕನೂ ಬಂದಳು. ಬೋಟಿನ ಮೂತಿಗೆ ಕಾಯಿ ಒಡೆದರು. ಭಾವ ಇಂಜಿನ್ ಚಾಲೂ ಮಾಡಿದರು. ಡಬಡಬಡಬ ಎಂದು ಇಡೀ ಬೋಟು ನಡುಗಿತು. ಅವರು ಯಂತ್ರದ ಕಡೆ ಕೈ ತೋರಿಸಿ ಏನೋ ಕೇಳಿದರು. ಕೇಳಿಸಲಿಲ್ಲ. ಹತ್ತಿರ ಹೋದೆ.

"ಕೂಗ್ತದಾ ಇದು?" ಎಂದು ನನ್ನ ಕಿವಿಯಲ್ಲೇ ಕಿರುಚಿದರು.

ಪರೀಕ್ಷೆಗೆಂದು ಮತ್ತೆ ಹದಿನೈದಕ್ಕೆ ಇಟ್ಟೆ. ಪರದೆ ಮಿಣುಕಿತು, ಅಂಕಿಗಳು ಕೆಂಪಾದವು. ಕೂಗುತ್ತಿತ್ತು, ಖಂಡಿತ ಕೂಗುತ್ತಿತ್ತು. ಇಂಜಿನ್ನಿನ ಅಬ್ಬರದಲ್ಲಿ ಒಂದು ಚೂರೂ ಕೇಳಲಿಲ್ಲ. ಬ್ಯಾಟರಿ ಇಳಿದರೆ, ಉಪ್ಪುನೀರು ಹೊಕ್ಕರೆ, ಸಿಡಿಲು ಬಡಿದರೆ, ಕಾಗೆ ಬಂದು ತಂತಿ ಕುಕ್ಕಿದರೆ ಎಂದೆಲ್ಲ ಯೋಚಿಸಿದ್ದ ನನಗೆ ಬೋಟಿನಲ್ಲಿ ಇಂಜಿನ್ ಎಂಬುದೊಂದು ಇರುತ್ತದೆ ಎಂದು ಹೊಳೆದಿರಲಿಲ್ಲ.

ಭಾವ ಇಂಜಿನ್ ಬಂದ್ ಮಾಡಿದರು. ಆ ಮೌನದಲ್ಲಿ ಕೀ ಕೀ ಕೀ ಎಂಬುದು ನಗುವ ಹಾಗೆ ಕೇಳಿಸಿತು.

"ಆತು," ಎಂದರು. "ಇವತ್ತು ಬ್ಯಾಡ." ಮುಖದಲ್ಲಿ ಬೇಸರಕ್ಕಿಂತ ಹೆಚ್ಚಾಗಿ ಪಾರಾದ ಕಳೆ ಇತ್ತು. ಆ ಕಳೆ ನನಗೆ ಚೆನ್ನಾಗಿ ಗೊತ್ತು, ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ಧಕ್ಕೆಯ ಮೇಲೆ ಅಕ್ಕ ಸೆರಗಿನ ತುದಿಯನ್ನು ಹಿಂಡುತ್ತ ನಿಂತಿದ್ದಳು.

"ನಾ ಬತ್ತೆ, ಭಾವ," ಎಂದೆ. ಹೇಳಿದ್ದು ನಾನೇ ಎಂದು ತಿಳಿಯಲು ನನಗೂ ಸ್ವಲ್ಪ ಹೊತ್ತು ಹಿಡಿಯಿತು. "ನಾ ಅಂಕಿ ನೋಡ್ತೆ. ನೀವು ಮುಂದೆ ನೋಡಿ."

"ನೀ ಕೂಗಿದ್ರೂ ಕೇಳೂದಿಲ್ಲ."

"ಬೆನ್ನಿಗೆ ಬಡಿತೆ. ಆರಕ್ಕೆ ಒಂದು, ಐದಕ್ಕೆ ಎರಡು, ನಾಲ್ಕಕ್ಕೆ ಮೂರು."

"ಮೂರಡಿ ಆದ್ರೆ?"

"ಮೂರಡಿ ಆದ್ರೆ..."

"ಮೂರಡಿ ಆದ್ರೆ ಬಡಿಬೇಡ, ದೇವ್ರ ನೆನಸ್ಕೊ," ಎಂದು ಖಲಾಸಿ ಮಾತು ಮುಗಿಸಿದ. ಭಾವ ನಕ್ಕರು. ತಿಂಗಳುಗಳ ಮೇಲೆ ನಕ್ಕದ್ದು ಎಂದು ಅಕ್ಕ ಆಮೇಲೆ ಹೇಳಿದಳು.

ಹೊರಟೆವು. ಜೀವರಕ್ಷಕ ಜಾಕೀಟು ನಾನೊಬ್ಬನೇ ಎರಡು ಹಾಕಿಕೊಂಡಿದ್ದೆ. ಕಾಸರಕೋಡಿನ ಕಡೆಯ ಮರಳು ದಂಡೆ ಎಡಗಡೆ ಸರಿಯುತ್ತಿತ್ತು. ಎದುರಿಗೆ, ಹೊಳೆ ಮುಗಿದು ಸಮುದ್ರ ಶುರುವಾಗುವಲ್ಲಿ, ಬಿಳಿ ನೊರೆಯ ಸಾಲು. ಪರದೆಯಲ್ಲಿ ಹದಿಮೂರು. ಹನ್ನೊಂದು. ಒಂಬತ್ತು. ಒಂದು ಕೈಯಲ್ಲಿ ಹಲಗೆ ಹಿಡಿದು ಇನ್ನೊಂದನ್ನು ಬಡಿಯಲು ಎತ್ತಿಟ್ಟುಕೊಂಡೆ. ಏಳು. ಆರು! ಭಾವನ ಬೆನ್ನಿಗೆ ಒಂದು ಕೊಟ್ಟೆ. ಅವರು ತಿರುಗಿ ನೋಡಲಿಲ್ಲ, ಚುಕ್ಕಾಣಿಯನ್ನು ಬಲಕ್ಕೆ ಒತ್ತಿದರು. ಐದು. ಎರಡು ಬಡಿದೆ. ಇನ್ನೂ ಬಲಕ್ಕೆ. ಆರು. ಏಳು. ಸಿಕ್ಕಿತು, ದಾರಿ ಸಿಕ್ಕಿತು! ನಾನು ಹಲ್ಲು ಕಿರಿಯುತ್ತಿದ್ದೆ, ಬಾಯಲ್ಲಿ ಉಪ್ಪು.

ಮತ್ತೆ ಐದು. ನಾಲ್ಕು. ಮೂರು ಏಟು ಹಾಕಿದೆ, ತರಗತಿಯಲ್ಲಿ ಹಾಗೆ ಹೊಡೆದಿದ್ದರೆ ಕೆಲಸ ಹೋಗುತ್ತಿತ್ತು. ಅಷ್ಟರಲ್ಲಿ ಎದುರಿನ ತೆರೆ ಒಡೆದು ಬೋಟಿನ ಸುತ್ತ ನೊರೆಯೇ ನೊರೆಯಾಯಿತು. ಪರದೆಯ ಅಂಕಿ ಮಾಯವಾಗಿ ಎರಡು ಗೀಟುಗಳು ನಿಂತವು. ನೊರೆಯ ಗುಳ್ಳೆಗಳಲ್ಲಿ ಶಬ್ದ ಕಳೆದುಹೋಗುತ್ತದೆ, ಆಳ ತಿಳಿಯುವುದಿಲ್ಲ ಎಂದು ಪುಸ್ತಿಕೆಯ ಕೊನೆಯ ಪುಟದಲ್ಲಿತ್ತು. ಮೂರು ಸಲ ಓದಿದ್ದು ಆಗ ನೆನಪಾಗಲಿಲ್ಲ. ಗೀಟಿಗೆ ಎಷ್ಟು ಬಡಿಯಬೇಕು? ಅದು ನಮ್ಮ ಮಾತಿನಲ್ಲಿ ಇರಲಿಲ್ಲ. ಕೈಯನ್ನು ಅವರ ಬೆನ್ನ ಮೇಲೆ ಸುಮ್ಮನೆ ಊರಿದೆ.

ಆ ಬೆನ್ನು ಬಿಗಿದುಕೊಂಡಿತು. ಭಾವ ವೇಗ ಇಳಿಸಿದರು. ಬೋಟು ತಡವರಿಸಿತು. ಅವರು ನೊರೆಯ ಆಚೆಗೆಲ್ಲೋ ನೋಡುತ್ತ ಕಾದರು. ಒಂದು ತೆರೆ ಹೋಯಿತು. ಇನ್ನೊಂದು. ಮೂರನೆಯದು ದೊಡ್ಡದು, ಒಡೆಯದೆ ಬಂದು ನಮ್ಮನ್ನು ಎತ್ತಿ ಹಿಡಿಯಿತು. ಅದು ಎತ್ತಿದ ಕ್ಷಣಕ್ಕೇ ಭಾವ ಇಂಜಿನ್ನಿಗೆ ಪೂರ್ತಿ ಕೊಟ್ಟರು. ಮೂತಿ ಆಕಾಶ ನೋಡಿತು, ಆಮೇಲೆ ಧೊಪ್ಪನೆ ಇಳಿಯಿತು. ನಾನು ಕಣ್ಣು ಮುಚ್ಚಿದ್ದೆ. ತಾಗಿದ ಸದ್ದಿಲ್ಲ.

ಕಣ್ಣು ಬಿಟ್ಟರೆ ಅಂಕಿಗಳು ವಾಪಸು ಬಂದಿದ್ದವು. ಆರು. ಒಂಬತ್ತು. ಹದಿನಾಲ್ಕು. ಇಪ್ಪತ್ತೊಂದು! ಯಾರಿಗೂ ಕೇಳದಿದ್ದರೂ ಒಂದೊಂದನ್ನೂ ಕೂಗಿ ಹೇಳಿದೆ. ಮುಂದೆ ಕೂತಿದ್ದ ಖಲಾಸಿ ಎರಡೂ ಕೈ ಎತ್ತಿದ. ಭಾವ ಹಿಂದಕ್ಕೆ ಒಂದು ಕೈ ಚಾಚಿ ನನ್ನ ತಲೆಗೆ ಮೊಟಕಿದರು. ಎಡಕ್ಕೆ ಅಪ್ಸರಕೊಂಡದ ಗುಡ್ಡ ಹಸಿರಾಗಿ, ಸಣ್ಣದಾಗಿ, ಪೂರಾ ಬೇರೆಯದೇ ಗುಡ್ಡದ ಹಾಗೆ ಕಾಣುತ್ತಿತ್ತು.

ಹೊರಗೆ ಬಲೆ ಬಿಟ್ಟರು, ಒಂದಿಷ್ಟು ಬಂಗಡೆ ಸಿಕ್ಕಿತು. ಆ ಹೊತ್ತಿನಲ್ಲಿ ನಾನು ಮಾಡಿದ್ದು ಬೋಟಿನ ಅಂಚಿಗೆ ಬಾಗಿ ವಾಂತಿ. ತಲೆ ಎತ್ತಿದಾಗಲೆಲ್ಲ ಖಲಾಸಿ, "ಮಾಸ್ತರ್ರೆ, ಮೀನಿಗೆ ಊಟ ಹಾಕಿದ್ದು ಆತಾ?" ಎಂದು ಕೇಳುತ್ತಿದ್ದ.

ವಾಪಸು ಬರುವಾಗ ನೀರು ತುಂಬಿತ್ತು. ಅಳಿವೆಯಲ್ಲಿ ಪರದೆ ಎಂಟಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಬಡಿಯುವ ಪ್ರಸಂಗವಿಲ್ಲದೆ ನಾನು ಆರಾಮಾಗಿ ನಿಂತಿದ್ದೆ. ಬೆನ್ನಿಗೆ ಏನೂ ಬೀಳದ್ದಕ್ಕೆ ಭಾವ ಗಾಬರಿಯಾಗಿ ಕುತ್ತಿಗೆ ತಿರುಗಿಸಿ ಕಿರುಚಿದರು: "ಎಂತಾ? ಇದ್ಯಾ, ಸತ್ತ್ಯಾ?"

ಎಂಟು ಬೆರಳು ತೋರಿಸಿದೆ. ಮತ್ತೆ ಮುಂದೆ ನೋಡಿದರು.

ಧಕ್ಕೆಗೆ ಹಗ್ಗ ಬಿಗಿದು, ಮೀನಿನ ಬುಟ್ಟಿಯನ್ನು ಅಕ್ಕನ ಕೈಗೆ ಕೊಟ್ಟು ಭಾವ ಹೇಳಿದರು, "ನಾಳೆ ಭರತ ಒಂದು ಗಂಟೆಗೆ."

"ನಾಳೆ ಶಾಲೆ ಇದೆ, ಭಾವ. ಮುಂದಿನ ಭಾನುವಾರದ ತನಕ ತಡೀರಿ. ಅಷ್ಟರಲ್ಲಿ ಯಂತ್ರಕ್ಕೆ ಲಾರಿಯ ಹಾರ್ನ್ ಕೂಡಿಸೂಕೆ ಆಗ್ತದಾ ಕೇಳ್ತೆ."

ಭಾವ ತಡೆಯಲಿಲ್ಲ. ಸೋಮವಾರ ನಾನು ತರಗತಿಯಲ್ಲಿದ್ದಾಗ ಫೋನು ನಡುಗಿತು. ಅಕ್ಕ. ಸೀಮೆಸುಣ್ಣ ಹಿಡಿದುಕೊಂಡೇ ಹೊರಗೋಡಿದೆ. ಡಬಡಬ ಸದ್ದಿನ ನಡುವಿಂದ ಅವಳ ದನಿ ಕೇಳಿಬಂತು. ಅಕ್ಕ ಬೋಟಿನಲ್ಲಿದ್ದಳು! ನಮ್ಮ ಕಡೆ ಹೆಂಗಸರು ಮೀನು ಮಾರಲು ಎಲ್ಲಿಯವರೆಗಾದರೂ ಹೋಗುತ್ತಾರೆ, ಬೋಟು ಹತ್ತುವುದಿಲ್ಲ.

"ದಾಟಿದ್ವು ತಮಾ, ದಾಟಿದ್ವು!" ಎಂದು ಕೂಗುತ್ತಿದ್ದಳು. "ಖಲಾಸಿ ಮುಂದೆ ಗಳ ಹಿಡಿಬೇಕು, ಹಿಂದೆ ಬಡಿಯೂಕೆ ಯಾರಿದ್ದಾರೆ? ನಾನೇ ಬಂದೆ. ಮದುವೆ ಆದ ಲಾಗಾಯ್ತು ಕೈ ತುರಿಸ್ತಿತ್ತು, ಇವತ್ತು ಅವರೇ ಬೆನ್ನು ಕೊಟ್ರು ನೋಡು!"