ಅಜ್ಜನ ಶಂಖ, ಅತ್ತೆಯ ಹುಣಸೆಹುಳಿ

ಇವತ್ತು ಬೆಳಿಗ್ಗೆ ಇವರ ಡಬ್ಬಿ ಕಟ್ಟಿ, ಮಗಳನ್ನು ಕಾಲೇಜಿಗೆ ಕಳುಹಿಸಿ, ನಳದ ಸುತ್ತ ಕಟ್ಟಿದ್ದ ಬಿಳಿ ಕಲೆ ತೆಗೆಯಲು ಬಚ್ಚಲಿಗೆ ಹೋದೆ. ಬಾಟಲಿಯಿಂದ ನಾಲ್ಕು ಹನಿ ಆಸಿಡ್ ಅಮೃತಶಿಲೆಯ ಹೊಸ್ತಿಲ ಮೇಲೆ ಬಿದ್ದು ಸುಂಯ್ ಎಂದು ನೊರೆ ಎದ್ದಿತು. ಮೂಗಿನೊಳಗೆ ಗೀರುವ ಆ ವಾಸನೆಗೆ ಅಲ್ಲೇ ಕುಳಿತುಬಿಟ್ಟೆ. ನೆರೂಳಿನ ಈ ಮನೆ ಮರೆಯಾಗಿ, ನಾನು ಬೆಳೆದ ಡೊಂಬಿವಲಿಯ ಚಾಳಿನ ನಮ್ಮ ಎರಡು ಕೋಣೆಗಳು ಕಣ್ಣೆದುರು ನಿಂತವು.

ಅಲ್ಲಿ ಬೆಳಗಾಗುತ್ತಿದ್ದುದು ಅಜ್ಜನ ಶಂಖದಿಂದ. ಹೋಟೆಲಿನಲ್ಲಿ ಸಾಂಬಾರು ಕಾಯಿಸಿಯೇ ಮುಪ್ಪಾದ ಅಜ್ಜ, ಉಡುಪಿಯಿಂದ ತಂದ ತಮ್ಮ ಅಪ್ಪನ ಶಂಖವನ್ನು ಊದಿದರೆ ಎದುರು ಕೋಣೆಯ ಮರಾಠಿ ಆಜಿ ಹಾಲಿನ ಪಾತ್ರೆ ಹಿಡಿದು ಎದ್ದು ಬರುತ್ತಿದ್ದರು. ದೇವರ ಪಾತ್ರೆ ಬೆಳಗುವುದು ಸರೋಜತ್ತೆಯ ಕೆಲಸ. ಅಪ್ಪನ ಅಕ್ಕ ಅವರು, ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದರು. ಆ ಮನೆಯಲ್ಲಿ ಅವರದೆನ್ನುವಂಥದ್ದು ಆ ಕೆಲಸವೊಂದೇ. ಶುಕ್ರವಾರ ಹಿತ್ತಾಳೆಗೆ, ತಾಮ್ರಕ್ಕೆ ಹುಣಸೆಹುಳಿ. ಶಂಖಕ್ಕೆ ಮಾತ್ರ ಬರೀ ನೀರು.

ಕಾನ್ವೆಂಟಿನಲ್ಲಿ ಆಗ ಸಿಸ್ಟರ್ ರಾಸಾಯನಿಕ ಕ್ರಿಯೆಗಳ ಬಗೆಗಳನ್ನು ಕಲಿಸುತ್ತಿದ್ದರು: ಎರಡು ಕೂಡುವುದು, ಒಂದು ಒಡೆಯುವುದು, ಒಂದನ್ನು ತಳ್ಳಿ ಇನ್ನೊಂದು ಅದರ ಜಾಗದಲ್ಲಿ ಕೂರುವುದು. ಸುಣ್ಣಕಲ್ಲು, ಚಿಪ್ಪು, ಶಂಖ ಎಲ್ಲ ಒಂದೇ ಪದಾರ್ಥ, ಆಮ್ಲ ತಾಗಿದರೆ ಅನಿಲ ಹೊರಟು ನೊರೆ ಏಳುತ್ತದೆ ಎಂದರು. ನನಗದು ಕಣ್ಣಾರೆ ಕಾಣಬೇಕಿತ್ತು. ಒಂದು ಶುಕ್ರವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಪ್ಲಾಸ್ಟಿಕ್ ಮಗ್ಗಿನಲ್ಲಿ ಬಚ್ಚಲಿನ ಆಸಿಡ್ ಸುರಿದು ಶಂಖದ ಊದುವ ಬಾಯಿಯನ್ನು ಅದ್ದಿದೆ. ಎಷ್ಟು ಚೆಂದದ ಗುಳ್ಳೆಗಳು! ನೋಡುತ್ತಲೇ ಇದ್ದೆ. ಎತ್ತಿದಾಗ ಹೊಳಪು ಹೋಗಿ, ಅಂಚು ಹಪ್ಪಳದಂತೆ ತೆಳುವಾಗಿ, ಒಂದು ಕಡೆ ತೂತು ಬಿದ್ದಿತ್ತು. ತೊಳೆದು, ಒರೆಸಿ, ಅತ್ತೆ ಬೆಳಗಿಟ್ಟ ಕಲಶದ ಪಕ್ಕದಲ್ಲಿಟ್ಟೆ.

ಮರುದಿನ ಅಜ್ಜ ಊದಿದರೆ ಬಂದದ್ದು ಉಸಿರು ಮಾತ್ರ. ತಿರುಗಿಸಿ ನೋಡಿದರು.

“ಇದಕ್ಕೂ ಹುಳಿ ತಿಕ್ಕಿದ್ಯಾ ಸರೋಜ? ಎಂತ ಮಾಡಿದ್ದು ನೀನು?”

ಅತ್ತೆ ತಮ್ಮ ಬೆರಳುಗಳನ್ನೇ ನೋಡಿಕೊಂಡರು. “ಇರ್ಬಹುದು ಅಪ್ಪಯ್ಯ. ಮರ್ತು ತಾಗಿಸಿದೆನೋ ಎಂತದೋ.”

ಹುಣಸೆಹುಳಿಗೆ ಅಷ್ಟು ಶಕ್ತಿಯಿಲ್ಲವೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಮುಂದಿನ ವಾರದ ಪರೀಕ್ಷೆಯಲ್ಲಿ ಆ ಸಮೀಕರಣವನ್ನೇ ಕೇಳಿದರು. ಒಂದು ಅಣು ಸುಣ್ಣಕಲ್ಲಿಗೆ ಎರಡು ಅಣು ಆಮ್ಲ. ತೂಕದಲ್ಲಿ ನೂರು ಗ್ರಾಮಿಗೆ ಎಪ್ಪತ್ತಮೂರು ಗ್ರಾಮು. ಎಡಬಲ ಸರಿದೂಗಿಸಿ ಬರೆದೆ. ಪೂರ್ತಿ ಅಂಕ. “ನಮ್ಮ ಕೂಸು ಹುಷಾರಿ ಮಾರಾಯ್ರೆ” ಎಂದು ಅತ್ತೆಯೇ ಸಜ್ಜಿಗೆ ಮಾಡಿ ಬಾಯಿಗಿಟ್ಟರು. ತಿಂದೆ.

ಅಜ್ಜ ಮತ್ತೆ ಬೈಯಲಿಲ್ಲ. ಆದರೆ ದೇವರ ಪಾತ್ರೆಗಳನ್ನು ಆಮೇಲೆ ಅಮ್ಮ ಬೆಳಗತೊಡಗಿದರು. ಶುಕ್ರವಾರಗಳಂದು ಅತ್ತೆ ಏನು ಮಾಡಬೇಕೆಂದು ತೋಚದೆ ಕೋಣೆಯ ಹೊರಗಿನ ಗ್ಯಾಲರಿಯಲ್ಲಿ ನಿಂತಿರುತ್ತಿದ್ದರು. ವರ್ಷ ತುಂಬುವ ಮೊದಲೇ ಪಕ್ಕದೂರು ಕಲ್ಯಾಣದ ಹುಡುಗಿಯರ ಹಾಸ್ಟೆಲೊಂದಕ್ಕೆ ಅಡುಗೆಗೆ ಹೋದರು. ಹೋಗೆಂದು ಯಾರೂ ಹೇಳಿರಲಿಲ್ಲ, ಇರೆಂದೂ ಹೇಳಲಿಲ್ಲ. ಈಗ ಅಜ್ಜನಿಲ್ಲ, ಚಾಳೂ ಇಲ್ಲ. ಅತ್ತೆಯ ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ಹೋಗಿ ಅವರ ಕೈ ಹಿಡಿದು ಕುಳಿತಿದ್ದೆ. ನಾಳೆ ಹೇಳೋಣ, ಸ್ವಲ್ಪ ಚೇತರಿಸಿಕೊಳ್ಳಲಿ ಎಂದುಕೊಂಡೆ. ಅವರು ಚೇತರಿಸಿಕೊಳ್ಳಲಿಲ್ಲ.

ಇಷ್ಟನ್ನು ಬರೆಯುವಷ್ಟರಲ್ಲಿ ಸಂಜೆಯಾಗಿತ್ತು. ಪಕ್ಕದ ಮನೆಯ ಹುಬ್ಬಳ್ಳಿಯವರು ಕೊತ್ತಂಬರಿ ಕೇಳಲು ಬಂದು, ಹೋಗುವಾಗ ಚಪ್ಪಲಿ ಮೆಟ್ಟುತ್ತ ಹೇಳಿದರು:

“ನಮ್ಮನ್ಯಾಗ ಗಾಜಿನ ಜಗ್ ಒಡದದ ನೋಡ್ರಿ. ಕೆಲಸದಾಕಿನ ಒಡದಿರಬೇಕು, ಮತ್ತ್ಯಾರು? ನಮ್ಮ ಹುಡುಗಿ ಸುಳ್ಳ ಹೇಳಂಗಿಲ್ಲ.”