ಎಣ್ಣೆಯಣ್ಣ ನಿಲ್ಲಿಸಿದ ಪಂದ್ಯ

ಕ್ಲಬ್ಬಿನಲ್ಲಿ ಎಲ್ಲರೂ ಅವನನ್ನು ಎಣ್ಣೆಯಣ್ಣ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದ ಆಟಗಾರರು ಈ ಹೆಸರು ಕೇಳಿ, ಪಾಪ ಯಾರೋ ಕುಡುಕ ಇರಬೇಕು ಅಂದುಕೊಳ್ಳುತ್ತಿದ್ದರು. ಮೇಜಿನ ಮೇಲೆ ಬೋರಲು ಮಲಗಿ, ಮೀನಖಂಡದ ಮೇಲೆ ಬೆಚ್ಚಗಿನ ಎಣ್ಣೆ ಬಿದ್ದ ಮೇಲೆ ಅವರಿಗೆ ಗೊತ್ತಾಗುತ್ತಿತ್ತು, ಇದು ಬೇರೆ ಎಣ್ಣೆ ಅಂತ. ಕುಡಿಯುವ ಎಣ್ಣೆಯನ್ನು ಆತ ಜನ್ಮದಲ್ಲಿ ಮುಟ್ಟಿದವನಲ್ಲ.

ಇಪ್ಪತ್ತೆರಡು ವರ್ಷಗಳಿಂದ ಆತ ಆ ಫುಟ್‌ಬಾಲ್ ಕ್ಲಬ್ಬಿನ ಮಸಾಜಿನವ. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಕೆಳಗೆ, ಇಳಿಜಾರು ಚಾವಣಿಯ ಒಂದು ಕೋಣೆ ಅವನದು. ಎರಡು ಎತ್ತರದ ಮೇಜು, ಒಂದು ಹೀಟರು, ಟವೆಲ್ ತುಂಬಿದ ಬುಟ್ಟಿ. ಗೋಲು ಬಿದ್ದದ್ದನ್ನು ಆತ ಕಣ್ಣಾರೆ ಕಂಡದ್ದು ಕಡಿಮೆ, ತಲೆಯ ಮೇಲೆ ಸಾವಿರಾರು ಕಾಲುಗಳು ಧಡಧಡ ಬಡಿದಾಗ ಚಾವಣಿಯಿಂದ ಸುಣ್ಣ ಉದುರುತ್ತಿತ್ತು. ಅದರಿಂದಲೇ ಆತನಿಗೆ ಸುದ್ದಿ. ಈ ವಿದ್ಯೆಯನ್ನು ಆತ ಯಾವ ಶಾಲೆಯಲ್ಲೂ ಕಲಿತದ್ದಲ್ಲ. ತಾಯಿಗೆ ಲಕ್ವ ಹೊಡೆದಾಗ ಆರು ವರ್ಷ ಬೆಳಿಗ್ಗೆ ಸಂಜೆ ಆಕೆಯ ಕಾಲು ತಿಕ್ಕಿದವನು. ಯಾವ ನರ ಬಿಗಿದಿದೆ, ಯಾವುದು ಸುಮ್ಮನೆ ನಾಟಕ ಮಾಡುತ್ತಿದೆ ಎಂದು ಬೆರಳಿಟ್ಟು ಹೇಳಿಬಿಡುತ್ತಿದ್ದ.

ಸಾಂಕ್ರಾಮಿಕ ಬಂದು ಎಲ್ಲ ನಿಂತಾಗ ಫುಟ್‌ಬಾಲ್ ಕೂಡ ನಿಂತಿತು. ಮೊದಲ ವಾರ ಆತ ಹಾಯಾಗಿ ನಿದ್ದೆ ಮಾಡಿದ. ಎರಡನೆಯ ವಾರ ಮನೆಯ ಕಿಟಕಿಗಳನ್ನೆಲ್ಲ ಒರೆಸಿದ. ಮೂರನೆಯ ವಾರಕ್ಕೆ ಒರೆಸಿದ್ದನ್ನೇ ಒರೆಸತೊಡಗಿದ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಸೋಫಾದ ಕೈಯನ್ನು ಹಿಸುಕುತ್ತ ಕೂತವನನ್ನು ನೋಡಿ ಹೆಂಡತಿ, "ಅದಕ್ಕೆ ನೋವಿಲ್ಲ, ಬಿಟ್ಟುಬಿಡಿ ಅದನ್ನ" ಅಂದಳು.

ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಇದ್ದದ್ದು ಮೂವರು. ಹೆಂಡತಿಗೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ, ಅದು ನಿಂತಿರಲಿಲ್ಲ. ಇನ್ನೊಬ್ಬರು ಆಕೆಯ ತಂದೆ. ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ದುಡಿದು, ಹತ್ತಿಯ ಧೂಳು ಕುಡಿದು ಶ್ವಾಸಕೋಶ ಹಾಳುಮಾಡಿಕೊಂಡ ಮುದುಕರು. ಎಪ್ಪತ್ತೆಂಟು ವಯಸ್ಸು. ಈ ರೋಗ ಅವರಿಗೇನಾದರೂ ಬಂದರೆ ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವರ ಪಾಲಿಗೆ ಉಳಿದಿದ್ದ ಪ್ರಪಂಚವೆಂದರೆ ಒಂದು ಕೋಣೆ, ಒಂದು ಟೀವಿ. ಟೀವಿಯಲ್ಲೋ ಹಳೆಯ ಪಂದ್ಯಗಳು.

"ಇವನು ಈಗ ಎಡಕ್ಕೆ ಒದೀತಾನೆ, ಗೋಲ್‌ಕೀಪರ್ ಬಲಕ್ಕೆ ಬೀಳ್ತಾನೆ," ಎಂದು ಮಾವ ಮೊದಲೇ ಹೇಳಿ ನಿಟ್ಟುಸಿರು ಬಿಡುತ್ತಿದ್ದರು. "ಗೊತ್ತಿರೋ ಗೋಲು ನೋಡೋದೂ ಒಂದೇ, ಆರಿದ ಚಹಾ ಕುಡಿಯೋದೂ ಒಂದೇ."

ಮೂರು ತಿಂಗಳಾದ ಮೇಲೆ ಕ್ಲಬ್ಬಿನ ಮ್ಯಾನೇಜರ್ ಫೋನು ಮಾಡಿದರು. ಲೀಗ್ ಮತ್ತೆ ಶುರು. ಪ್ರೇಕ್ಷಕರಿಲ್ಲ, ಆಟಗಾರರಿಗೆ ವಾರಕ್ಕೆರಡು ಟೆಸ್ಟು, ಎಲ್ಲರಿಗೂ ಮಾಸ್ಕು. ನಾಳೆಯಿಂದ ಬನ್ನಿ ಎಂದರು.

ಹೆಂಡತಿ ಕೈಯಲ್ಲಿದ್ದ ತಟ್ಟೆಯನ್ನು ಠಕ್ಕೆಂದು ಇಟ್ಟಳು. "ಊರಲ್ಲಿ ಆಸ್ಪತ್ರೆ ತುಂಬಿ ಹೊರಗಡೆ ಮಂಚ ಹಾಕಿದ್ದಾರೆ. ಇವರಿಗೆ ಚೆಂಡು ಒದೆಯೋ ಆತುರ. ನೀವು ಹೋಗ್ಬೇಡಿ."

"ನೀನೂ ದಿನಾ ಹೋಗ್ತಿಲ್ವಾ?"

"ಕಾಗದ ಕೆಮ್ಮಲ್ಲ ರೀ."

ಒಳಗಿನಿಂದ ಮಾವನ ದನಿ ಬಂತು. "ಹೋಗಲಿ ಬಿಡೇ! ಅಂಗಡಿ ಬೇಕು, ಅಂಚೆ ಬೇಕು, ಫುಟ್‌ಬಾಲ್ ಮಾತ್ರ ಬೇಡ್ವಾ? ನಾನಿಲ್ಲಿ ಗೋಡೆ ನೋಡ್ಕೊಂಡು ಬದುಕಿದ್ರೆ ನಿನಗೆ ಸಮಾಧಾನಾನಾ?"

"ನಿಮಗೋಸ್ಕರಾನೇ ಹೇಳ್ತಿರೋದು ಅಪ್ಪಾ."

"ನನಗೋಸ್ಕರ ಆದ್ರೆ ಹೋಗಲಿ ಅಂತ ನಾನೇ ಹೇಳ್ತಿದ್ದೀನಲ್ಲ!"

ಕೊನೆಗೆ ಒಂದು ಒಪ್ಪಂದವಾಯಿತು. ಎಣ್ಣೆಯಣ್ಣ ಕೆಲಸಕ್ಕೆ ಹೋಗಬಹುದು, ಆದರೆ ಮಾವನ ಹತ್ತಿರ ಸುಳಿಯಕೂಡದು. ಮಹಡಿಯ ಮೇಲಿನ ಸಾಮಾನಿನ ಕೋಣೆಯಲ್ಲಿ ಮಲಗಬೇಕು. ಊಟದ ತಟ್ಟೆ ಮೆಟ್ಟಿಲ ಮೇಲೆ.

ಕ್ಲಬ್ಬಿಗೆ ಹೋದರೆ ಅದೂ ಬದಲಾಗಿತ್ತು. ಗೇಟಿನಲ್ಲಿ ಹಣೆಗೆ ಪಿಸ್ತೂಲಿನಂಥ ಥರ್ಮಾಮೀಟರ್ ಹಿಡಿಯುತ್ತಿದ್ದರು. ಎರಡು ಮೇಜುಗಳ ನಡುವೆ ಪ್ಲಾಸ್ಟಿಕ್ ಪರದೆ ಬಂದಿತ್ತು. ಕೈಗೆ ರಬ್ಬರ್ ಗವಸು. ಇಪ್ಪತ್ತೆರಡು ವರ್ಷ ಬರಿಗೈಯಲ್ಲಿ ಓದಿದ ಪುಸ್ತಕವನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು ಓದು ಎಂದ ಹಾಗಾಯಿತು ಆತನಿಗೆ. ಪಂದ್ಯ ನಡೆಯುವಾಗ ತಲೆಯ ಮೇಲೆ ಒಂದು ಹೆಜ್ಜೆಯ ಸದ್ದೂ ಇಲ್ಲ. ಗೋಲಾದರೂ ಗೊತ್ತಾಗುತ್ತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬಾಗಿಲ ತನಕ ಹೋಗಿ ಬರುತ್ತಿದ್ದ.

ಒಂದು ಸಂಜೆ ಎದುರುಮನೆಯ ಬಸ್ ಡ್ರೈವರ್ ತನ್ನ ಬಾಲ್ಕನಿಯಿಂದಲೇ ಕೇಳಿದ. "ನಿಮ್ಮ ಹುಡುಗರಿಗೆ ವಾರಕ್ಕೆ ಎರಡು ಸಲ ಟೆಸ್ಟಂತೆ, ಹೌದಾ?"

"ಹೌದು."

"ನನ್ನ ಹೆಂಡತಿಗೆ ಜ್ವರ ಬಂದು ಐದು ದಿನ ಆಯ್ತು. ಇನ್ನೂ ಕ್ಯೂನಲ್ಲೇ ಇದ್ದೀವಿ." ಡ್ರೈವರ್ ಜಗಳಕ್ಕೆ ಬಂದವನಂತೇನೂ ಹೇಳಲಿಲ್ಲ. ಬಸ್ಸಿನ ಹೊತ್ತು ಹೇಳುವವನ ಹಾಗೆ ಹೇಳಿ ಒಳಗೆ ಹೋದ. ಎಣ್ಣೆಯಣ್ಣ ಆ ದಿನ ಊಟದ ತಟ್ಟೆಯನ್ನು ಹಾಗೇ ಮೆಟ್ಟಿಲ ಮೇಲೆ ವಾಪಸಿಟ್ಟ. ಮಾವ ಮಾತ್ರ ಕೆಳಗಿನಿಂದ ಕೂಗಿ ಕೂಗಿ ಆವತ್ತಿನ ಆಟದ ಬಗ್ಗೆ ಕೇಳುತ್ತಿದ್ದರು. ತಿಂಗಳುಗಟ್ಟಲೆ ಗೊಣಗುತ್ತಿದ್ದ ದನಿಯಲ್ಲಿ ಈಗ ಜೀವ ಬಂದಿತ್ತು. ಯಾವುದನ್ನು ಸರಿ ಅನ್ನುವುದು? ಆತ ಹಾಸಿಗೆಯಲ್ಲಿ ಎದ್ದು ಕೂತ, ಮತ್ತೆ ಮಲಗಿದ, ಮತ್ತೆ ಎದ್ದ.

ಲೀಗಿನ ಋತು ಮುಗಿಯಲು ಮೂರು ಪಂದ್ಯ ಉಳಿದಿದ್ದವು. ತಂಡ ಪಟ್ಟಿಯ ತಳದಲ್ಲಿತ್ತು. ಸೋತರೆ ಕೆಳಗಿನ ದರ್ಜೆಗೆ ಬೀಳುವುದು ಹೆಚ್ಚುಕಡಿಮೆ ಖಚಿತ. ಆ ದಿನ ಪಂದ್ಯ ಶುರುವಾಗಲು ಐವತ್ತು ನಿಮಿಷವಿದ್ದಾಗ ಕ್ಯಾಪ್ಟನ್ ಬಂದು ಮೇಜಿನ ಮೇಲೆ ಮಲಗಿದ. ಮೂವತ್ತನಾಲ್ಕು ವಯಸ್ಸಿನ, ಹದಿನೈದು ವರ್ಷಗಳಿಂದ ಇದೇ ಮೇಜಿನ ಮೇಲೆ ಮಲಗಿದ ಆಟಗಾರ.

ಎಣ್ಣೆಯಣ್ಣ ತೊಡೆಯ ಹಿಂಭಾಗಕ್ಕೆ ಕೈಯಿಟ್ಟ. ತೆಗೆದ. ಬಲಗೈಯ ಗವಸು ಕಳಚಿ ಮತ್ತೆ ಇಟ್ಟ.

ಓಡಿದ ಮೈಯ ಬಿಸಿ ಬೇರೆ, ಅದು ಮೇಲೆ ಮೇಲೆ ಇದ್ದು ಬೇಗ ಆರುತ್ತದೆ. ಇದು ಒಳಗಿನಿಂದ ಬರುತ್ತಿತ್ತು. ಬೆನ್ನು ತಣ್ಣಗೆ ಬೆವೆತಿತ್ತು.

"ತಮ್ಮಾ, ನಿನಗೆ ಜ್ವರ ಇದೆ."

ಕ್ಯಾಪ್ಟನ್ ತಲೆಯೆತ್ತಲಿಲ್ಲ. "ಇಲ್ಲ ಅಣ್ಣ. ಗೇಟಿನಲ್ಲಿ ನೋಡಿದ್ರಲ್ಲ."

"ಮಾತ್ರೆ ತಗೊಂಡಿದ್ದೀಯ."

ಕ್ಯಾಪ್ಟನ್ ಎದ್ದು ಕೂತ. "ಮೊನ್ನೆಯ ರಿಪೋರ್ಟು ನೆಗೆಟಿವ್. ತೊಂಬತ್ತು ನಿಮಿಷ, ಅಷ್ಟೇ. ನಾನು ಇಲ್ಲದೆ ಹುಡುಗರು ಆಡಲ್ಲ, ನಿಮಗೇ ಗೊತ್ತು. ತಂಡ ಕೆಳಗೆ ಬಿದ್ದುಹೋದ್ರೆ ನನ್ನನ್ನ ಇನ್ಯಾರು ಕರೀತಾರೆ? ಇದೇ ನನ್ನ ಕೊನೇ ವರ್ಷ ಅಣ್ಣ. ನೀವು ಏನೂ ನೋಡಿಲ್ಲ."

"ನೋಡಿಲ್ಲ ನಿಜ. ಮುಟ್ಟಿದ್ದೀನಲ್ಲ," ಅಂದ ಎಣ್ಣೆಯಣ್ಣ.

ಹೊರಗಿನ ಓಣಿಯಲ್ಲಿ ಆತ ಆ ತುದಿಯಿಂದ ಈ ತುದಿಗೆ ನಡೆದ. ಒಂದು ಸಲ, ಎರಡು ಸಲ, ಎಷ್ಟೋ ಸಲ. ಕ್ಯಾಪ್ಟನ್ ಎಣ್ಣೆಯಣ್ಣನ ಮಗಳ ಮದುವೆಯಲ್ಲಿ ನಿಂತು ಬಡಿಸಿದವನು. ಆಮೇಲೆ ಆತ ತಂಡದ ಡಾಕ್ಟರ ಬಳಿಗೆ ಹೋಗಿ ವಿಷಯ ಹೇಳಿದ. ಡಾಕ್ಟರು ಮೊಬೈಲಿನಲ್ಲಿ ರಿಪೋರ್ಟು ತೋರಿಸಿ, "ಕಾಗದ ಸರಿಯಾಗಿದೆ, ನಿಯಮದ ಪ್ರಕಾರ ಆತ ಆಡಬಹುದು" ಎಂದು ಕಣ್ಣು ತಪ್ಪಿಸಿದರು. ಮ್ಯಾನೇಜರ್ ನಕ್ಕರು. "ಅಂಗೈಯಲ್ಲಿ ಜ್ವರ ಅಳೀತೀರಾ? ಎಣ್ಣೆ ಏನಾದ್ರೂ ತಲೆಗೇರಿದೆಯಾ?" ನಗು ತಟ್ಟನೆ ನಿಂತಿತು. "ಹೋಗಿ, ನಿಮ್ಮ ಕೆಲಸ ನೋಡಿ."

ಆಟಗಾರರು ಮೈದಾನಕ್ಕಿಳಿದು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಕ್ಯಾಪ್ಟನ್ ಇಬ್ಬರ ಹೆಗಲ ಮೇಲೆ ಕೈಹಾಕಿ ಏನೋ ಹೇಳುತ್ತಿದ್ದುದು ಓಣಿಯ ಬಾಯಿಂದ ಕಾಣುತ್ತಿತ್ತು. ಎಣ್ಣೆಯಣ್ಣ ತಿರುಗಿ, ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ತಟ್ಟದ ಬಾಗಿಲನ್ನು ತಟ್ಟಿದ. ಅದು ರೆಫರಿಯ ಕೋಣೆ.

ರೆಫರಿ ಶೂ ಕಟ್ಟಿಕೊಳ್ಳುತ್ತಿದ್ದ ಗಟ್ಟಿ ಹೆಂಗಸು. ಪೂರ್ತಿ ಕೇಳಿದಳು. "ನಿಮಗೆ ಖಾತ್ರಿನಾ?"

"ಕಾಗದದಷ್ಟು ಖಾತ್ರಿ ಇಲ್ಲಮ್ಮ. ಆದರೆ ನನ್ನ ಮನೇಲೂ ಒಬ್ಬರು ವಯಸ್ಸಾದವರಿದ್ದಾರೆ."

ಆಕೆ ಥರ್ಮಾಮೀಟರ್ ತರಿಸಿ, ಕ್ಯಾಪ್ಟನ್ನನ್ನು ಬದಿಗೆ ಕರೆದು ಬಾಯೊಳಗಿಟ್ಟು ನೋಡಿದಳು. ನೂರೊಂದು. ಇಡೀ ತಂಡ ಆತನ ಜೊತೆಗೇ ಇದ್ದುದರಿಂದ ಹತ್ತು ನಿಮಿಷದಲ್ಲಿ ಪಂದ್ಯ ರದ್ದಾಯಿತು. ಖಾಲಿ ಮೈದಾನದಲ್ಲಿ ಧ್ವನಿವರ್ಧಕ ಯಾರಿಗೂ ಅಲ್ಲದೆ ಆ ಸುದ್ದಿ ಹೇಳಿತು. ಕ್ಯಾಪ್ಟನ್ ಎಣ್ಣೆಯಣ್ಣನ ಪಕ್ಕದಲ್ಲೇ ಹಾದುಹೋದ. ಮುಖ ನೋಡಲಿಲ್ಲ.

ಎರಡು ದಿನಕ್ಕೆ ರಿಪೋರ್ಟು ಬಂತು: ಕ್ಯಾಪ್ಟನ್ ಪಾಸಿಟಿವ್. ಆಮೇಲೆ ಗೋಲ್‌ಕೀಪರ್, ಇನ್ನಿಬ್ಬರು ಆಟಗಾರರು, ಕಾಗದ ಸರಿಯಾಗಿದೆ ಎಂದಿದ್ದ ಡಾಕ್ಟರು ಕೂಡ. ಎಣ್ಣೆಯಣ್ಣ ಹದಿನಾಲ್ಕು ದಿನ ಸಾಮಾನಿನ ಕೋಣೆಯಲ್ಲೇ ಬಂಧಿ. ಮುರಿದ ಕುರ್ಚಿ, ಹಳೆಯ ಟ್ರಂಕುಗಳ ನಡುವೆ ಆರು ಹೆಜ್ಜೆ ಅತ್ತ, ಆರು ಹೆಜ್ಜೆ ಇತ್ತ. ಕೆಳಗೆ ಮಾವ ಕೆಮ್ಮಿದಾಗಲೆಲ್ಲ ಆತ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದ. ಮಾವನಿಗೋ ಬೇರೆಯೇ ಸಿಟ್ಟು. "ಮೂರು ತಿಂಗಳು ಕಾದು ನಾಲ್ಕು ಆಟ ನೋಡೋಣ ಅಂದ್ರೆ ಅದ್ರಲ್ಲೂ ಒಂದನ್ನ ನಿಲ್ಲಿಸಿಬಿಟ್ರಲ್ಲ ಅಳಿಯಂದಿರೇ! ಬೇರೆ ಯಾರೂ ಸಿಗಲಿಲ್ವಾ ನಿಲ್ಲಿಸೋದಕ್ಕೆ?"

"ನಿಮಗೆ ಕೆಮ್ಮು ಜಾಸ್ತಿ ಆಗಿದೆಯಾ ಮಾವ?"

"ಸಿಟ್ಟಿಗೆ ಬರ್ತಿರೋ ಕೆಮ್ಮು ಇದು!"

ಮಾವನಿಗೆ ರೋಗ ತಗುಲಲಿಲ್ಲ. ಎದುರುಮನೆಯ ಡ್ರೈವರನ ಹೆಂಡತಿಯೂ ಒಂದು ತಿಂಗಳು ಮಲಗಿ ಎದ್ದಳು. ಕ್ಯಾಪ್ಟನ್ ಮಾತ್ರ ಮೂರು ವಾರ ಆಸ್ಪತ್ರೆಯಲ್ಲಿದ್ದ. ಅದರಲ್ಲಿ ನಾಲ್ಕು ದಿನ ಆಮ್ಲಜನಕದ ಮೇಲೆ.

ಲೀಗ್ ನಿಲ್ಲಲಿಲ್ಲ. ಆಟಗಾರರು ಸಾಲದೆಂದು ಆ ಪಂದ್ಯವನ್ನು ಎದುರಾಳಿಗೆ ಕೊಟ್ಟರು, ಮುಂದಿನ ಎರಡರಲ್ಲಿ ಕ್ಲಬ್ಬಿನ ಎಳೆಯರ ತಂಡ ಆಡಿ ಒಂದು ಗೆದ್ದಿತು, ಒಂದು ಸೋತಿತು. ಎರಡೇ ಅಂಕದಿಂದ ಕ್ಲಬ್ಬು ಕೆಳಗಿನ ದರ್ಜೆಗೆ ಬಿತ್ತು. ಯಾರೋ ಎಣ್ಣೆಯಣ್ಣನ ಮನೆಯ ಗೇಟಿನ ಮೇಲೆ ಕೆಂಪು ಬಣ್ಣದಲ್ಲಿ "ದ್ರೋಹಿ" ಎಂದು ಬರೆದರು. ಹೆಂಡತಿ ಬೆಳಗಾಗುವುದರೊಳಗೆ ಅದರ ಮೇಲೆ ಹಸಿರು ಬಣ್ಣ ಬಳಿದು, ಗಂಡ ಎದ್ದಾಗ, "ಗೇಟು ತುಂಬಾ ಹಳೇದಾಗಿತ್ತು" ಅಂದಳಷ್ಟೆ. ಹೊಸ ಋತುವಿಗೆ ಕ್ಲಬ್ಬಿನಿಂದ ಕರೆ ಬರಲಿಲ್ಲ. ಯಾಕೆಂದು ಆತನೂ ಕೇಳಲಿಲ್ಲ.

ಒಂದು ಆಸ್ಪತ್ರೆಯಲ್ಲಿ, ವಾರಗಟ್ಟಲೆ ಮಂಚಕ್ಕಂಟಿ ಮಲಗಿ ಕಾಲಿನ ಶಕ್ತಿ ಕಳೆದುಕೊಂಡವರನ್ನು ಮತ್ತೆ ನಡೆಸಲು ಜನ ಬೇಕಾಗಿದ್ದರು. ಎಣ್ಣೆಯಣ್ಣ ಅಲ್ಲಿ ಸೇರಿದ. ಮೀನಖಂಡವೆಲ್ಲ ಕರಗಿ ಚರ್ಮ ಜೋತಾಡುವ ಕಾಲುಗಳು. ಹತ್ತು ಹೆಜ್ಜೆ ನಡೆದರೆ ಅಳುವ ಗಟ್ಟಿಮುಟ್ಟು ಗಂಡಸರು. ಆರನೆಯ ವಾರ ಅಲ್ಲಿಗೆ ಕೋಲೂರಿಕೊಂಡು ಕ್ಯಾಪ್ಟನ್ ಬಂದ. ಆತ ಮಲಗಿದ, ಈತ ತಿಕ್ಕಿದ. ಹಾಗೇ ಎರಡು ತಿಂಗಳು, ವಾರಕ್ಕೆ ಮೂರು ದಿನ. ಕೊನೆಯ ದಿನ ಕ್ಯಾಪ್ಟನ್ ಶೂ ಹಾಕಿಕೊಳ್ಳುತ್ತ ಹೇಳಿದ:

"ಆವತ್ತು ನೀವು ಮಾಡಿದ್ದು ಸರಿ ಅಣ್ಣ. ಆದರೆ ಇನ್ನೊಂದು ಸಲ ನನಗೆ ಜ್ವರ ಬಂದ್ರೆ, ನಿಮ್ಮ ಮೇಜಿನ ಮೇಲೆ ಮಾತ್ರ ಮಲಗಲ್ಲ."

ನಗಬೇಕೋ ಬೈಯಬೇಕೋ ತಿಳಿಯದೆ ಎಣ್ಣೆಯಣ್ಣ ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ಫುಟ್‌ಬಾಲನ್ನು ಪೂರ್ತಿ ನಿಲ್ಲಿಸಬೇಕಿತ್ತೇ ಎಂದು ಯಾರಾದರೂ ಕೇಳಿದರೆ ಆತ ಈಗಲೂ ನೇರ ಉತ್ತರ ಕೊಡುವುದಿಲ್ಲ. ಡ್ರೈವರನ ಹೆಂಡತಿಯನ್ನು ನೆನೆದರೆ ಹೌದು ಅನಿಸುತ್ತದೆ, ಮಾವನನ್ನು ನೆನೆದರೆ ಇಲ್ಲ ಅನಿಸುತ್ತದೆ. ಆ ಒಂದು ಪಂದ್ಯ ನಿಲ್ಲಬೇಕಿತ್ತು, ಅಷ್ಟು ಗೊತ್ತು ಎನ್ನುತ್ತಾನೆ.

ಒಂದೂವರೆ ವರ್ಷವಾದ ಮೇಲೆ ಮೈದಾನದ ಬಾಗಿಲು ಜನರಿಗೆ ತೆರೆಯಿತು. ಮಾವ ಹಟ ಹಿಡಿದು ಅಳಿಯನನ್ನು ಹೊರಡಿಸಿದರು. ಪ್ರೇಕ್ಷಕರ ಸಾಲಿನಲ್ಲಿ ಕೂತು ಆಟ ನೋಡುವುದು ಎಣ್ಣೆಯಣ್ಣನಿಗೆ ಅದೇ ಮೊದಲು. ಮೈದಾನ ಇಷ್ಟು ಹಸಿರಾಗಿದೆ ಎಂದು ಆತ ಅಂದುಕೊಂಡಿರಲಿಲ್ಲ. ಎಡಬದಿಯಲ್ಲಿ ಆಡುತ್ತಿದ್ದ ಒಬ್ಬ ಹೊಸ ಹುಡುಗ ಓಡುವಾಗ ಸ್ವಲ್ಪ ಕಾಲೆಳೆಯುತ್ತಿದ್ದ. ಬೇರೆ ಯಾರಿಗೂ ಅದು ಕಂಡಿರಲಾರದು. ಅವನತ್ತ ಚೆಂಡು ಬಂದಾಗಲೆಲ್ಲ ಎಣ್ಣೆಯಣ್ಣ ಎದ್ದು ನಿಲ್ಲುತ್ತಿದ್ದ.

ಮಾವ ಆತನ ಅಂಗಿಯ ತುದಿ ಹಿಡಿದೆಳೆದರು. "ಕೂತ್ಕೊಳ್ಳಿ ಅಳಿಯಂದಿರೇ, ಹಿಂದಿನವರು ಬೈತಿದ್ದಾರೆ."